ಕೋಣೆಯಲ್ಲಿ ಏನೇನಿದೆ?

(ಶಾಲಾ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶುಶ್ರೂಷಾ ಶಿಕ್ಷಣವನ್ನು ಮುಗಿಸಿದ ಈ ಕಡೆಯ ಹೆಣ್ಣುಮಕ್ಕಳು ಜರ್ಮನಿಗೆ ಹೋಗುತ್ತಿರುವುದನ್ನು ತಾವು ಬಲ್ಲಿರಿ. 2021ರಲ್ಲಿ ಕೇರಳದ ನೋರ್ಕಾ ಸಂಸ್ಥೆಯು ಜರ್ಮನಿಯ ಉದ್ಯೋಗ ಇಲಾಖೆಯೊಡನೆ ಒಪ್ಪಂದ ಮಾಡಿಕೊಂಡ ಮೇಲಂತೂ ಆ ದೇಶದ ಮಾತು ನಮ್ಮ ಮನೆಗಳೊಳಗೂ ಬಂದಿದೆ. "ಕನ್ನಡದಲ್ಲಿ ಓದಿದ ಹುಡುಗಿಗೆ ಆ ಭಾಷೆ ಬಂದೀತೇ?" ಎಂದು ಪೋಷಕರು ನಮ್ಮನ್ನು ಕೇಳುವುದುಂಟು. ಜರ್ಮನ್ ಕಲಿಯುವವರಿಗೆ ಆರಂಭದಲ್ಲಿಯೇ ಬರುವ ಒಂದು ಅಭ್ಯಾಸವನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ. ಕೋಣೆಯಲ್ಲಿ ಏನೇನಿದೆ ಎಂದು ಹೇಳುವುದೇ ಆ ಅಭ್ಯಾಸ.

ನಾವಾದರೆ ಮೇಜು ಇದೆ, ದೀಪ ಇದೆ, ಚಿತ್ರ ಇದೆ ಎನ್ನುತ್ತೇವೆ. 'ಇದೆ' ಎಂಬ ಒಂದೇ ಪದ ಕೋಣೆಯ ಭಾರವನ್ನೆಲ್ಲ ಹೊರುತ್ತದೆ. ಜರ್ಮನರಲ್ಲಿ 'ಇಸ್ಟ್' ಎಂಬ ಅಂಥ ಪದವಿದ್ದರೂ ನಿತ್ಯದ ಮಾತಿನಲ್ಲಿ ಅವರು ವಸ್ತುವಿನ ಭಂಗಿಯನ್ನು ನೋಡಿ ಹೇಳುತ್ತಾರೆ. ಮೇಜು 'ಶ್ಟೇಟ್', ಅಂದರೆ ನಿಂತಿದೆ. ಚಾಪೆ 'ಲೀಕ್ಟ್', ಮಲಗಿದೆ. ಚಿತ್ರ 'ಹೆಂಗ್ಟ್', ತೂಗುತ್ತಿದೆ. ಬೀಗದಲ್ಲಿರುವ ಕೀಲಿಕೈಗೆ 'ಶ್ಟೆಕ್ಟ್' ಎಂಬ ಬೇರೆಯೇ ಪದ. ಸಿಕ್ಕಿಕೊಂಡಿದೆ ಎಂದು ಅದರ ಅರ್ಥ. ಪುಸ್ತಕವು ಮೇಜಿನ ಮೇಲೆ ಮಲಗುತ್ತದೆ, ಕಪಾಟಿನ ಸಾಲಿನಲ್ಲಿ ನಿಲ್ಲುತ್ತದೆ. ಊಟದ ತಟ್ಟೆ ಎಷ್ಟು ಚಪ್ಪಟೆಯಾಗಿದ್ದರೂ ಮೇಜಿನ ಮೇಲೆ ನಿಂತೇ ಇರುತ್ತದೆಯೆಂಬುದು ಮಕ್ಕಳಿಗೆ ನಗು ತರಿಸೀತು. ತನ್ನ ತಳದ ಮೇಲೆ ಸರಿಯಾಗಿ ಕುಳಿತದ್ದು ಅವರ ಕಣ್ಣಿಗೆ ನಿಂತದ್ದೇ.

ಇದಕ್ಕಿಂತ ದೊಡ್ಡ ತೊಡಕು ಲಿಂಗದ್ದು. ಅಲ್ಲಿ ಮೇಜು ಪುಲ್ಲಿಂಗ, 'ಡೇರ್ ಟಿಶ್'. ದೀಪ ಸ್ತ್ರೀಲಿಂಗ, 'ಡೀ ಲಾಂಪೆ'. ಮಂಚ ನಪುಂಸಕ, 'ಡಾಸ್ ಬೆಟ್'. ಮೇಜು ಎಲ್ಲಿ ಎಂದು ಕೇಳಿದರೆ 'ಅವನು ಕಿಟಕಿಯ ಬಳಿ ನಿಂತಿದ್ದಾನೆ' ಎಂಬಂತೆ ಉತ್ತರ ಬರುತ್ತದೆ. ಆದರೆ 'ಮೇಡ್ಶೆನ್' ಎಂಬ ಹುಡುಗಿ ಮಾತ್ರ ವ್ಯಾಕರಣದಲ್ಲಿ ನಪುಂಸಕ! ಅರ್ಥವನ್ನು ನೋಡಿ ಲಿಂಗವನ್ನು ತಿಳಿಯುವ ನಮ್ಮ ಕನ್ನಡದ ನ್ಯಾಯ ಇಲ್ಲಿ ನೆರವಾಗದು. ಪ್ರತಿಯೊಂದು ನಾಮಪದವನ್ನೂ ಅದರ ಹಿಂದಿನ ಪುಟ್ಟ ಪದದೊಡನೆಯೇ ಬಾಯಿಪಾಠ ಮಾಡಬೇಕು. ಬೇರೆ ದಾರಿಯಿಲ್ಲ.

ಇನ್ನು ನಮ್ಮ ಮಕ್ಕಳಿಗೆ ಅನುಕೂಲವಾದುದನ್ನು ನೋಡೋಣ. 'ಇಮ್ ತ್ಸಿಮರ್' ಎಂದರೆ ಕೋಣೆಯಲ್ಲಿ. 'ಇನ್ಸ್ ತ್ಸಿಮರ್' ಎಂದರೆ ಕೋಣೆಯೊಳಕ್ಕೆ. ಇರುವುದಕ್ಕೊಂದು ರೂಪ, ಹೋಗುವುದಕ್ಕೊಂದು ರೂಪ. 'ಅಲ್ಲಿ', 'ಕ್ಕೆ' ಎಂಬ ವಿಭಕ್ತಿಪ್ರತ್ಯಯಗಳನ್ನು ತಾಯಿಯ ಮಡಿಲಲ್ಲೇ ಕಲಿತ ಮಗುವಿಗೆ ಈ ಭೇದ ಹೊಸದೇ? ವಿಭಕ್ತಿಗಳ ಹೆಸರು ಎರಡು ಭಾಷೆಗಳಲ್ಲಿ ಸರಿಹೊಂದದಿರಬಹುದು. ಭೇದದ ಅರಿವು ಮಾತ್ರ ಮೊದಲೇ ಇರುತ್ತದೆ. ವಾಕ್ಯದ ಕ್ರಮವನ್ನೂ ಗಮನಿಸಿರಿ: 'ಔಫ್ ಡೇಮ್ ಟಿಶ್ ಶ್ಟೇಟ್ ಐನೆ ಲಾಂಪೆ.' ಮೊದಲು ಮೇಜಿನ ಮೇಲೆ, ಆಮೇಲೆ ದೀಪ. ನಾವು ಹೇಳುವುದೂ ಹಾಗೆಯೇ. ಕ್ರಿಯಾಪದವೊಂದು ಕೊನೆಯ ಸ್ಥಾನವನ್ನು ಬಿಟ್ಟು ನಡುವೆ ಬಂದಿದೆ. ಎಚ್ಚರಿಕೆ ಬೇಕಾದುದು 'ಮೇಲೆ' ಎಂಬುದರಲ್ಲಿ. ನಾವು ಮೇಜಿನ ಮೇಲೆ, ಗೋಡೆಯ ಮೇಲೆ ಎಂದು ಎರಡಕ್ಕೂ ಒಂದೇ ಪದವನ್ನು ಬಳಸುತ್ತೇವೆ. ಅವರಿಗೆ ಮೇಜಿಗೆ 'ಔಫ್', ಗೋಡೆಗೆ 'ಅನ್'.

ಪುಸ್ತಕದಲ್ಲಿ 'ಐನೆ ಲಾಂಪೆ' ಎಂದು ಓದಿದ್ದು ಬಾಯಲ್ಲಿ 'ನೆ ಲಾಂಪೆ' ಆಗುತ್ತದೆ. 'ಇಸ್ಟ್' ಎಂಬುದು 'ಇಸ್' ಆಗುತ್ತದೆ. 'ಮಾಡುತ್ತೇನೆ' ಎಂದು ಬರೆದು 'ಮಾಡ್ತೇನೆ' ಎನ್ನುವ ನಾವು ಇದಕ್ಕೆ ಬೆದರಬೇಕಾಗಿಲ್ಲ. ಆಸ್ಟ್ರಿಯಕ್ಕೆ ಹೋದರೆ ಕಪಾಟಿನ ಹೆಸರೇ ಬದಲಾಗುತ್ತದೆ. 'ಶ್ರಾಂಕ್' ಅಲ್ಲಿ 'ಕಾಸ್ಟನ್'.

ಇದೇ ಹಾದಿಯನ್ನು ಎದುರು ದಿಕ್ಕಿನಿಂದ ನಡೆದು ಬಂದವರು ಫರ್ಡಿನೆಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಈ ದೇಶಕ್ಕೆ ಬಂದು, 1894ರಲ್ಲಿ ಮಂಗಳೂರಿನಿಂದ ಕನ್ನಡದ ಮಹಾನಿಘಂಟನ್ನು ಹೊರತಂದರು. ತಮ್ಮ ಮಾತೃಭಾಷೆಯನ್ನು ಚೆನ್ನಾಗಿ ಬಲ್ಲವರಾಗಿದ್ದುದರಿಂದ ಅವರಿಗೆ ಕನ್ನಡವು ಕೈವಶವಾಯಿತೆಂದು ನಾವು ನಂಬುತ್ತೇವೆ. ಕನ್ನಡದಲ್ಲಿ ಓದಿದುದು ನಿಮ್ಮ ಮಗಳಿಗೆ ಅಡ್ಡಿಯಾಗದು ಎಂಬುದೇ ಪೋಷಕರಿಗೆ ನಮ್ಮ ಉತ್ತರ.

ಎಂಟನೆಯ ತರಗತಿಯವರಿಗೆ ಒಂದು ಕೆಲಸ ಕೊಡುತ್ತೇವೆ. ನಿಮ್ಮ ಮನೆಯ ಒಂದು ಕೋಣೆಯನ್ನು 'ಇದೆ' ಎಂಬ ಪದವನ್ನು ಒಮ್ಮೆಯೂ ಬಳಸದೆ ಕನ್ನಡದಲ್ಲಿ ವರ್ಣಿಸಿ, ಸೋಮವಾರ ನಮಗೆ ತೋರಿಸಿರಿ.