ತೊಳೆ ಬಿಡಿಸಿ ತಿನ್ನುವ ಹಣ್ಣು

ಚಳಿ ಬಲಿತು ಸಂಕ್ರಮಣ ಸಮೀಪಿಸುವ ಹೊತ್ತಿಗೆ ಜಮಖಂಡಿ, ಮುಧೋಳ ಭಾಗದ ಹಣ್ಣಿನ ಗಾಡಿಗಳಲ್ಲಿ ನಾಗಪುರದ ಸಂತ್ರಿಯೊಂದಿಗೆ ಪಂಜಾಬಿನ ಕಿನ್ನೋ ಎಂಬ ಕಿತ್ತಳೆಯೂ ಬಂದು ಕೂಡುತ್ತದೆ. ಯುರೋಪಿನವರು ಚಳಿಗಾಲದಲ್ಲಿ ಮೆಚ್ಚಿ ತಿನ್ನುವ ಕ್ಲೆಮಂಟೈನ್ ಇಲ್ಲಿ ಅಪರೂಪವಾದರೂ ಅದರ ಹತ್ತಿರದ ರಕ್ತಸಂಬಂಧಿ ಈ ಕಿನ್ನೋ.

ಇವೆರಡೂ ಮ್ಯಾಂಡರಿನ್ ವರ್ಗಕ್ಕೆ, ಅಂದರೆ ಚಾಕುವಿನ ಹಂಗಿಲ್ಲದೆ ಕೈಯಿಂದಲೇ ಸುಲಿಯಬಹುದಾದ ಕಿತ್ತಳೆಗಳ ವರ್ಗಕ್ಕೆ ಸೇರಿದವು. ಅಲ್ಜೀರಿಯಾದ ಮಿಸರ್ಗಿನ್‌ನಲ್ಲಿ ಕ್ರೈಸ್ತ ಧರ್ಮಬಂಧು ಕ್ಲೆಮಾಂ ರೋಡಿಯೆ ಅವರ ಆರೈಕೆಯ ತೋಟದಲ್ಲಿ ತಾನಾಗಿಯೇ ಹುಟ್ಟಿದ ಗಿಡವೊಂದರ ಹಣ್ಣಿಗೆ ಸಸ್ಯಶಾಸ್ತ್ರಜ್ಞ ಲೂಯಿ ತ್ರಾಬ್ಯು 1902ರಲ್ಲಿ ಅವರ ಹೆಸರನ್ನೇ ಇಟ್ಟರು. ಆ ಗಿಡದ ತಾಯಿ ವಿಲೋಲೀಫ್ ಎಂಬ ಮ್ಯಾಂಡರಿನ್, ತಂದೆ ಸಿಹಿ ಕಿತ್ತಳೆ. ಕ್ಯಾಲಿಫೋರ್ನಿಯಾದ ತಳಿವಿಜ್ಞಾನಿ ಎಚ್. ಬಿ. ಫ್ರಾಸ್ಟ್ 1915ರಲ್ಲಿ ಕಿಂಗ್ ಎಂಬ ತಳಿಯ ಹೂವಿಗೆ ಅದೇ ವಿಲೋಲೀಫಿನ ಪರಾಗವನ್ನು ಸೇರಿಸಿ ಪಡೆದ ಕಿನ್ನೋ 1935ರಲ್ಲಿ ಬಿಡುಗಡೆಯಾಗಿ, ಮುಂದೆ ಪಂಜಾಬಿನ ಅಬೋಹರ್ ಸೀಮೆಯ ಮುಖ್ಯ ಬೆಳೆಯಾಯಿತು. ಒಂದಕ್ಕೆ ತಾಯಿಯಾದ ತಳಿಯೇ ಇನ್ನೊಂದಕ್ಕೆ ತಂದೆ. ಆದರೆ ಕ್ಲೆಮಂಟೈನ್ ಹೂವು ತನ್ನದೇ ಪರಾಗವನ್ನು ಒಪ್ಪದ ಕಾರಣ ಬೇರೆ ತಳಿಗಳಿಂದ ದೂರ ಬೆಳೆದಾಗ ಹಣ್ಣಿನಲ್ಲಿ ಬೀಜವೇ ಇರುವುದಿಲ್ಲ. ಕಿನ್ನೋದಲ್ಲಿ ಬೀಜಗಳು ಧಾರಾಳ.

ಬೀಜದ ಕಿರಿಕಿರಿಗೆ ಬೇಸತ್ತು ಈ ಹಣ್ಣನ್ನು ಹಿಂಡಿ ರಸ ತೆಗೆದಿಡುವುದು ಅದಕ್ಕೆ ಮಾಡುವ ಅನ್ಯಾಯವೇ ಸರಿ. ಇಡಿಯಾದ ತೊಳೆಯಲ್ಲಿ ರುಚಿಯೇ ಇಲ್ಲದೆ ಅಡಗಿರುವ ಒಂದು ಪದಾರ್ಥ, ಹಿಂಡಿದಾಗ ರಸದ ಹುಳಿಯೊಂದಿಗೆ ಬೆರೆತು, ಕೆಲವು ಗಂಟೆಗಳಲ್ಲಿ ಲಿಮೊನಿನ್ ಎಂಬ ಕಹಿ ಪದಾರ್ಥವಾಗಿ ಮಾರ್ಪಡುತ್ತದೆ. ಬೆಳಿಗ್ಗೆ ಸಿಹಿಯಾಗಿದ್ದ ರಸ ಸಂಜೆಗೆ ಕಹಿಯಾಗುವುದು ಇದರಿಂದಲೇ. ಕೈಯಿಂದ ಸುಲಿದು ತಿನ್ನುವವರಿಗೆ ಈ ಕಹಿಯ ಕಾಟವಿಲ್ಲ. ಸಿಪ್ಪೆಯ ಮೇಲಿನ ಸಣ್ಣ ಚುಕ್ಕೆಗಳು ಪರಿಮಳದ ಎಣ್ಣೆಯ ಗ್ರಂಥಿಗಳಾದ್ದರಿಂದ, ಉಗುರು ತಾಗಿದೊಡನೆ ಅವು ಒಡೆದು, ತೊಳೆ ಬಾಯಿಗೆ ಹೋಗುವ ಮೊದಲೇ ಮೂಗಿಗೆ ಹಣ್ಣಿನ ಅರ್ಧ ರುಚಿ ದೊರೆತಿರುತ್ತದೆ. ಸಂಕ್ರಮಣದಂದು ಕೃಷ್ಣೆಯ ಇಲ್ಲವೆ ಘಟಪ್ರಭೆಯ ದಂಡೆಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿಗಳ ಖಾರದ ಊಟ ಮುಗಿಸಿದವರಿಗೆ ಇದಕ್ಕಿಂತ ಹಿತವಾದ ಹಣ್ಣು ಇನ್ನೊಂದಿಲ್ಲ.

ಕೊಳ್ಳುವಾಗ ಬಣ್ಣವನ್ನೇ ನಂಬಬೇಕಾಗಿಲ್ಲ. ಸಿಪ್ಪೆಯ ಹಸಿರು ಕರಗಿ ಕೇಸರಿಯಾಗಲು ತಂಪಾದ ರಾತ್ರಿಗಳು ಬೇಕಾದ್ದರಿಂದ, ಬೆಚ್ಚಗಿನ ಸೀಮೆಯ ಕಿತ್ತಳೆ ಒಳಗೆ ಮಾಗಿದ್ದರೂ ಹೊರಗೆ ಹಸಿರಾಗಿರಬಹುದು. ಮಾವಿನಂತೆ ಕಿತ್ತಳೆಯು ಕೊಯ್ದ ಮೇಲೆ ಮಾಗಿ ಸಿಹಿಯಾಗುವುದಿಲ್ಲವಾದ ಕಾರಣ ಹುಳಿ ಹಣ್ಣನ್ನು ಮನೆಯಲ್ಲಿಟ್ಟು ಕಾಯುವುದರಿಂದಲೂ ಲಾಭವಿಲ್ಲ. ಒಂದೇ ಗಾತ್ರದ ಎರಡು ಹಣ್ಣುಗಳಲ್ಲಿ ಕೈಗೆ ಹೆಚ್ಚು ಭಾರವೆನಿಸುವುದರಲ್ಲಿಯೇ ರಸ ಹೆಚ್ಚಾಗಿರುತ್ತದೆ.