ವೆಂಕಟಪ್ಪನವರ ಹಟ

ಶಿರಸಿಯ ಮಾರಿಕಾಂಬೆಯ ಗುಡಿಗೆ ಹೋದವರೆಲ್ಲ ಗೋಡೆಯ ಕಾವಿ ಚಿತ್ರಗಳನ್ನು ಕಂಡಿದ್ದೀರಿ. ಸಿದ್ದಾಪುರದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವೂ ನಿಮಗೆ ಹೊಸದಲ್ಲ. ಬರೆದ ಕೈ ಯಾರದೆಂದು ಮಾತ್ರ ಕೇಳುವವರಿಲ್ಲ. ಕಲೆಗಾರನು ಮರೆಯಲ್ಲಿಯೇ ಇರಬೇಕೆಂಬುದು ನಮ್ಮ ರೂಢಿ. ಅದಕ್ಕೆ ತಲೆಬಾಗದ ಒಬ್ಬರ ಮಾತನ್ನು ಈ ಹೊತ್ತು ಹೇಳುತ್ತೇನೆ.

ಕೆ. ವೆಂಕಟಪ್ಪನವರು 1886ರಲ್ಲಿ ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮರಳಿ ಬಂದ ಮೇಲೆ ಅರಮನೆಯ ಆಶ್ರಯವೇನೋ ದೊರೆಯಿತು. ಆದರೆ ಕೈಮುಗಿದು ನಿಲ್ಲುವ ಜಾಯಮಾನ ಅವರದಲ್ಲ. ಮದುವೆಯಾಗಲಿಲ್ಲ. ವೀಣೆಯ ಹುಚ್ಚು ಹಿಡಿದು ಶೇಷಣ್ಣನವರಲ್ಲಿ ಕಲಿತರು. ಆ ಹುಚ್ಚನ್ನೇ ಒಂದು ಚಿತ್ರವಾಗಿ ಬರೆದರು!

1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ ತರುವಾಯ, ಅರಮನೆಗಾಗಿ ಮಾಡಿದ ಉಬ್ಬುಶಿಲ್ಪಗಳ ವಿಷಯದಲ್ಲಿ ಮನಸ್ತಾಪ ಬೆಳೆದು ಸಂಗತಿ ಕೋರ್ಟಿಗೆ ಹೋಯಿತು. ಅನ್ನವಿಕ್ಕಿದ ಮನೆಯ ಮೇಲೆ ದಾವೆಯೇ ಎಂದು ಹುಬ್ಬೇರಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಗಾರೆಯವನಿಗೆ ಕೂಲಿಯುಂಟು, ವಕೀಲನಿಗೆ ಫೀಜುಂಟು. ಚಿತ್ರಗಾರನಿಗೆ ಹಣ್ಣು-ತಾಂಬೂಲ ಸಾಕೆ?

ಇಷ್ಟು ಬಿರುಸಿನ ಮನುಷ್ಯರ ಕುಂಚವಾದರೋ ಬಲು ಮೆದು. ಉದಕಮಂಡಲದಲ್ಲಿ ಬರೆದ ಜಲವರ್ಣ ಚಿತ್ರಗಳಲ್ಲಿ ಮಂಜು ಎಲ್ಲಿ ಮುಗಿದು ಗುಡ್ಡ ಎಲ್ಲಿ ಮೊದಲಾಯಿತೆಂದು ತಿಳಿಯದು. ಯಲ್ಲಾಪುರದ ಘಟ್ಟದಲ್ಲಿ ಆಷಾಢದ ಬೆಳಗನ್ನು ಕಂಡವರಿಗೆ ಅದರ ಗುರುತು ಕೂಡಲೇ ಸಿಕ್ಕೀತು. 1965ರಲ್ಲಿ ವೆಂಕಟಪ್ಪನವರು ತೀರಿಕೊಂಡರು. ಅವರ ಹೆಸರಿನ ಚಿತ್ರಶಾಲೆ 1975ರಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದ ಬಳಿ ತೆರೆಯಿತು. ಬೆಂಗಳೂರಿಗೆ ಹೋದಾಗ ಅಂಗಡಿಬೀದಿಗೆ ಮೀಸಲಿಟ್ಟ ಹೊತ್ತಿನಲ್ಲಿ ಒಂದು ಗಳಿಗೆ ಉಳಿಸಿ ಅತ್ತ ಹೋಗಿ. ಆ ಮಂಜಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.