ಹರಕೆಯಿಂದ ದಾಸೋಹಕ್ಕೆ



ಮನೆಯಲ್ಲಿ ಕೂಸಿಗೆ ಜ್ವರವೇರಿತೆಂದರೆ ಆ ಮನೆಯ ಒಲೆಯೇ ತಣ್ಣಗಾಗುವುದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಯಾವ ಹಳ್ಳಿಯಲ್ಲಿ ಕೇಳಿದರೂ ಇದನ್ನು ಅನುಭವಿಸದ ಮನೆಯು ಸಿಗಲಾರದು. ತಂದೆಯು ರಾತ್ರಿಯಲ್ಲಿಯೇ ಬಂಡಿ ಹೂಡಿ ವೈದ್ಯರಲ್ಲಿಗೆ ಹೊರಡುವನು. ಅಜ್ಜಿಯು ಕೂಸಿನ ಹಣೆಗೆ ಮಠದ ವಿಭೂತಿಯನ್ನಿಡುವಳು. ತಾಯಿಯಾದರೋ, "ಗುರುವೇ, ಈ ಕೂಸು ಎದ್ದು ಕುಳಿತರೆ ಅದರ ತೂಕದ ಬೆಲ್ಲವನ್ನು ನಿನ್ನ ದಾಸೋಹಕ್ಕೆ ಸಲ್ಲಿಸುವೆನು" ಎಂದು ಸೆರಗೊಡ್ಡಿ ಬೇಡುವಳು. ಕೂಸು ಗುಣವಾದ ಮೇಲೆ ಮನೆಯವರೆಲ್ಲರೂ ಅಮಾವಾಸ್ಯೆಯ ದಿನ ಮಠಕ್ಕೆ ಬಂದು, ಅದನ್ನು ಗದ್ದುಗೆಯ ಮುಂದೆ ಮಲಗಿಸಿ ಎತ್ತಿಕೊಂಡು, ತಕ್ಕಡಿಯಲ್ಲಿ ತೂಗಿ ಹರಕೆಯನ್ನು ತೀರಿಸುವರು. ಆಗ ಆ ತಾಯಿಯ ಕಣ್ಣಿನಿಂದಿಳಿಯುವ ನೀರು ಯಾವ ಅಭಿಷೇಕಕ್ಕೂ ಕಡಿಮೆಯಾದುದಲ್ಲ.

ಆದರೆ ಅದೇ ಮಠದ ಅಂಗಳದಲ್ಲಿ, ಕಂಬದ ಮರೆಯಲ್ಲಿ, ಇನ್ನೊಬ್ಬ ತಾಯಿಯು ನಿಂತಿರುವಳು. ಅವಳೂ ಅದೇ ಗದ್ದುಗೆಗೆ ಹಣೆ ಮುಟ್ಟಿಸಿದವಳು, ಅದೇ ವಿಭೂತಿಯನ್ನು ಹಚ್ಚಿದವಳು. ಅವಳ ಕೂಸು ಮಾತ್ರ ಗುಣವಾಗಲಿಲ್ಲ. ಅಥವಾ ಜೀವವು ಉಳಿದರೂ ಕಣ್ಣೋ ಕಾಲೋ ಹೋಯಿತು. ನೆರೆಮನೆಯವರ ತುಲಾಭಾರವನ್ನು ನೋಡುತ್ತ, "ನನ್ನ ಭಕ್ತಿಯಲ್ಲಿ ಏನು ಕೊರತೆಯಾಯಿತು?" ಎಂದು ಅವಳು ತನ್ನನ್ನು ತಾನೇ ಕೇಳಿಕೊಳ್ಳುವಳು. ಈ ಪ್ರಶ್ನೆಗೆ ಉತ್ತರವನ್ನು ಕೊಡದೆ ಕೃತಜ್ಞತೆಯನ್ನು ಕುರಿತು ಉಪದೇಶಿಸುವುದು ಅರ್ಧಮಾತಾದೀತು. ಆ ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ಅದು ಈ ಸೀಮೆಯ ಮಣ್ಣಿನಲ್ಲಿಯೇ ಇರುವುದು.

ಮೊದಲು ಹರಕೆಯು ಫಲಿಸಿದ ಮನೆಯೊಂದನ್ನು ನೋಡೋಣ. ಶಿಗ್ಗಾವಿ ತಾಲೂಕಿನ ಶಿಶುವಿನಹಾಳದ ಇಮಾಮ ಸಾಹೇಬ ಮತ್ತು ಹಜ್ಜೂಮಾ ಎಂಬ ದಂಪತಿಗಳಿಗೆ ಬಹುಕಾಲ ಸಂತಾನವಿರಲಿಲ್ಲವೆಂದೂ, ಹುಲಗೂರಿನ ಖಾದರಿ ಶರಣರಲ್ಲಿ ಬೇಡಿಕೊಂಡ ಮೇಲೆ 1819ರಲ್ಲಿ ಅವರಿಗೆ ಗಂಡುಮಗುವು ಹುಟ್ಟಿತೆಂದೂ ಜನರು ಹೇಳುತ್ತ ಬಂದಿರುವರು. ಆ ಮಗುವೇ ಶಿಶುನಾಳ ಷರೀಫರು. ಬೇಡಿ ಪಡೆದ ಮಗನು ಕಳಸದ ಗೋವಿಂದಭಟ್ಟರನ್ನು ಗುರುವೆಂದು ಹಿಡಿದನು. ಜಾತಿಮತಗಳ ಬೇಲಿಯನ್ನು ದಾಟಿ ಲೋಕದ ಸೊತ್ತಾದನು. ಒಂದು ಮನೆಯು ಪಡೆದ ವರವು ಆ ಮನೆಯಲ್ಲಿಯೇ ಮುಗಿಯಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು.

ಇನ್ನು ಕಣ್ಣು ಬಾರದ ಮನೆಯನ್ನು ನೋಡೋಣ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗುರುಪಾದಯ್ಯ ಮತ್ತು ನೀಲಮ್ಮ ಎಂಬ ಬಡ ದಂಪತಿಗಳಿಗೆ 1892ರಲ್ಲಿ ಗದಿಗೆಯ್ಯನೆಂಬ ಮಗನು ಹುಟ್ಟಿದನು. ಅವನು ಹುಟ್ಟುಕುರುಡನು. ಅವನ ಸಹೋದರನಾದ ಗುರುಬಸವಯ್ಯನಿಗೂ ದೃಷ್ಟಿಯಿರಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಅಂಧಬಾಲಕರು! ಆ ತಂದೆತಾಯಿಗಳಲ್ಲಿ ಭಕ್ತಿಯು ಕಡಿಮೆಯಿದ್ದಿತೆಂದು ಯಾವ ನಾಲಗೆಯು ನುಡಿದೀತು? ಕಣ್ಣಂತೂ ಬರಲಿಲ್ಲ. ಬಂದವರು ಗುರುಗಳು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳವರು ಈ ಬಾಲಕರ ಕಂಠವನ್ನು ಕೇಳಿ, ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು, ಸಂಗೀತವಿದ್ಯೆಗೆ ಏರ್ಪಾಡು ಮಾಡಿದರು. 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಮಹಾಪುರುಷರಿಗೆ ಒಂದು ಹಳ್ಳಿಯ ಇಬ್ಬರು ಕುರುಡು ಹುಡುಗರ ಚಿಂತೆಯು ಸಣ್ಣದೆನಿಸಲಿಲ್ಲ.

ಗದಿಗೆಯ್ಯನು ಹಿಂದೂಸ್ತಾನಿ ಮತ್ತು ಕರ್ನಾಟಕ ಪದ್ಧತಿಗಳೆರಡರಲ್ಲಿಯೂ ಪಾರಂಗತನಾಗಿ ಪಂಚಾಕ್ಷರಿ ಗವಾಯಿಗಳೆಂದು ಹೆಸರಾದನು. ಗುರುವಿನ ಋಣವನ್ನು ಅವರು ತೀರಿಸಿದ ರೀತಿಯು ಮನನೀಯವಾದುದು. ತಮಗೆ ದೊರೆತ ಆಶ್ರಯವನ್ನು ತಮ್ಮಂಥ ಅಂಧರಿಗೂ ಅನಾಥರಿಗೂ ಹಂಚಿದರು. ಅನ್ನವನ್ನಿಕ್ಕಿ ವಿದ್ಯೆಯನ್ನು ಕಲಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ಈ ಕೃತಜ್ಞತೆಯಿಂದ ಬೆಳೆದು ನಿಂತ ಮನೆಯು. ಬಸವರಾಜ ರಾಜಗುರುಗಳಂಥ ಗಾಯಕರು ಅವರ ಶಿಷ್ಯರಾದರು.

ಅದೇ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ರೇವಯ್ಯ ಮತ್ತು ಸಿದ್ಧಮ್ಮ ಎಂಬವರಿಗೆ ಇನ್ನೊಂದು ಮಗುವು ಹುಟ್ಟಿತು. ಬಾಲ್ಯದಲ್ಲಿಯೇ ಅದರ ದೃಷ್ಟಿಯು ಹೋಯಿತು; ಮುಂದೆ ತಂದೆತಾಯಿಗಳೂ ತೀರಿಕೊಂಡರು. ಸೋದರಮಾವನಾದ ಚಂದ್ರಶೇಖರಯ್ಯನವರು ಹುಡುಗನ ಕೈಗಳು ಹಾರ್ಮೋನಿಯಂ ಕಡೆಗೆ ಚಾಚುವುದನ್ನು ಕಂಡು, ಅವನನ್ನು ಪಂಚಾಕ್ಷರಿ ಗವಾಯಿಗಳ ಅಡಿಗಳಿಗೆ ಒಪ್ಪಿಸಿದರು. ಒಬ್ಬ ಅಂಧನ ಕೈಯನ್ನು ಗುರುವು ಹಿಡಿದಿದ್ದನು. ಆ ಅಂಧನೇ ಈಗ ಗುರುವಾಗಿ ಇನ್ನೊಬ್ಬ ಅಂಧನ ಕೈಯನ್ನು ಹಿಡಿದನು. ಇವರೇ ಪುಟ್ಟರಾಜ ಗವಾಯಿಗಳು. 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ, 2010ರ ಸಪ್ಟೆಂಬರ್ 17ರಂದು ತಾವು ಲಿಂಗೈಕ್ಯರಾಗುವ ತನಕ, ಅರವತ್ತಾರು ವರ್ಷ ಆಶ್ರಮದ ಭಾರವನ್ನು ಹೊತ್ತರು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಮಕ್ಕಳ ಅನ್ನಕ್ಕಾಗಿ ನಾಟಕ ಮಂಡಳಿಯನ್ನೂ ನಡೆಸಿದರು.

ಆ ಬ್ರೈಲ್ ಲಿಪಿಯ ಹುಟ್ಟೂ ಇಂಥದೊಂದು ಮನೆಯದೇ ಆಗಿರುವುದು. ಫ್ರಾನ್ಸ್ ದೇಶದ ಕೂಪ್ವ್ರೇ ಎಂಬ ಹಳ್ಳಿಯಲ್ಲಿ ಕುದುರೆಯ ಜೀನು ಹೊಲಿಯುವವನೊಬ್ಬನ ಮಗನಾದ ಲೂಯಿ ಬ್ರೈಲನು, ಮೂರನೆಯ ವಯಸ್ಸಿನಲ್ಲಿ ತಂದೆಯ ದಬ್ಬಳದೊಡನೆ ಆಡುತ್ತಿರುವಾಗ ಅದು ಕಣ್ಣಿಗೆ ನೆಟ್ಟಿತು. ನಂಜು ಏರಿ ಎರಡು ಕಣ್ಣುಗಳೂ ಹೋದವು. ತಂದೆತಾಯಿಗಳು ಅವನನ್ನು ಮೂಲೆಯಲ್ಲಿ ಕೂರಿಸಲಿಲ್ಲ, ಶಾಲೆಗೆ ಕಳಿಸಿದರು. 1824ರ ಹೊತ್ತಿಗೆ, ಹದಿನೈದು ವರ್ಷದ ಆ ಬಾಲಕನು ಬೆರಳಿನಿಂದ ಓದುವ ಚುಕ್ಕೆಗಳ ಲಿಪಿಯನ್ನು ಕಂಡುಹಿಡಿದನು. ಕೂಪ್ವ್ರೇಯ ಚುಕ್ಕೆಯು ಗದುಗಿಗೆ ಬಂದು ಗೀತೆಯ ಅಕ್ಷರವಾಯಿತು.

ಆದುದರಿಂದ ಕಂಬದ ಮರೆಯ ತಾಯಿಗೆ ಹೇಳಬೇಕಾದ ಮಾತು ಇಷ್ಟೇ: ಅವ್ವಾ, ನಿನ್ನ ಭಕ್ತಿಯಲ್ಲಿ ಕೊರತೆಯಿಲ್ಲ. ಗುಣವಾಗುವುದು ಭಕ್ತಿಯ ಕೂಲಿಯಲ್ಲ. ಗುಣವಾಗದಿರುವುದು ಅಭಕ್ತಿಯ ದಂಡವೂ ಅಲ್ಲ. ನೀಲಮ್ಮನಿಗೆ ದೊರೆಯದ ಕಣ್ಣು ನಿನಗೂ ದೊರೆಯದಿರಬಹುದು. ಆದರೆ ನಿನ್ನ ಕೂಸಿನ ಕೈಯನ್ನು ಹಿಡಿಯುವ ಇನ್ನೊಂದು ಕೈಯು ಇರಲೇಬೇಕು. ಅದು ಇಲ್ಲದಿದ್ದರೆ ತಪ್ಪು ನಿನ್ನದಲ್ಲ. ಹಿಡಿಯದೆ ಹೋದ ಸಮಾಜದ್ದು.

ಕೂಸು ಗುಣವಾದ ಮನೆಯವರಿಗೂ ಒಂದು ಮಾತುಂಟು. ಪುಟ್ಟರಾಜ ಗವಾಯಿಗಳಿಗೆ ಭಕ್ತರು ಊರೂರಲ್ಲಿ ತುಲಾಭಾರ ಮಾಡಿದರು. ತಕ್ಕಡಿಯ ಒಂದು ಕಡೆ ಗುರುಗಳು ಕುಳಿತರು. ಇನ್ನೊಂದು ಕಡೆಗೆ ಬಿದ್ದ ದ್ರವ್ಯವು ಆಶ್ರಮದ ಮಕ್ಕಳ ತಾಟಿಗೆ ಹೋಯಿತು. ಹರಕೆಯೆಂಬುದು ಕೊಟ್ಟು ಕೊಳ್ಳುವ ವ್ಯಾಪಾರವಾದರೆ ತಕ್ಕಡಿಯು ಇಳಿದೊಡನೆ ಮುಗಿದುಹೋಗುವುದು, ದಾಸೋಹವಾದರೆ ಮುಗಿಯದು. ನಿಮ್ಮ ಕೂಸಿನ ತೂಕದ ಬೆಲ್ಲವನ್ನು ಮಠಕ್ಕೆ ಒಪ್ಪಿಸಿದ ದಿನವೇ ಗುಣವಾಗದ ಕೂಸಿನ ಮನೆಯ ಬಾಗಿಲನ್ನೂ ತಟ್ಟಿರಿ. ಆ ತಾಯಿಯ ಜೊತೆಗೆ ಅರ್ಧ ತಾಸು ಕುಳಿತುಕೊಳ್ಳಿರಿ. ಆಗಲೇ ಹರಕೆಯು ಪೂರ್ಣವಾಗುವುದು.

ಗುರುವಿನ ವಿಭೂತಿಗೂ ವೈದ್ಯರ ಔಷಧಕ್ಕೂ ಜಗಳವಿಲ್ಲವೆಂಬುದನ್ನೂ ಮರೆಯಬಾರದು. ಒಂದು ಕಾಲಕ್ಕೆ ಸಿಡುಬು ಈ ಹಳ್ಳಿಗಳಲ್ಲಿ ಎಷ್ಟೋ ಮಕ್ಕಳ ಜೀವವನ್ನೂ ಕಣ್ಣನ್ನೂ ಕೊಂಡೊಯ್ಯುತ್ತಿದ್ದಿತು. ಊರೂರು ತಿರುಗಿ ಲಸಿಕೆ ಹಾಕಿದವರ ಶ್ರಮದಿಂದ ಆ ಬೇನೆಯು ಲೋಕದಿಂದಲೇ ಅಳಿಯಿತೆಂದು 1980ರಲ್ಲಿ ಸಾರಲ್ಪಟ್ಟಿತು. ದಡಾರವೂ ಜೀವಸತ್ವ 'ಎ'ಯ ಕೊರತೆಯೂ ಕೂಡಿದರೆ ಇಂದಿಗೂ ಎಳೆಯ ಕಣ್ಣುಗಳು ಹೋಗುವುದುಂಟು. ಒಂಬತ್ತು ತಿಂಗಳು ತುಂಬಿದ ಕೂಸಿಗೆ ಸರಕಾರಿ ಆಸ್ಪತ್ರೆಯಲ್ಲಿ ದಡಾರದ ಲಸಿಕೆಯನ್ನೂ, ಅದರೊಡನೆ ಜೀವಸತ್ವ 'ಎ'ಯ ಮೊದಲ ಗುಟುಕನ್ನೂ ಕೊಡುವರು. ಅದನ್ನು ತಪ್ಪಿಸಿ ಹರಕೆಯನ್ನು ಮಾತ್ರ ಹೊರುವುದು ಭಕ್ತಿಯಲ್ಲ. ಕೂಸಿಗೆ ಲಸಿಕೆ ಹಾಕುವ ದಾದಿಯ ಕೆಲಸವೂ ಕಾಯಕವೇ. ಆ ಕಾಯಕದ ಮೂಲಕವೂ ಗುರುಕಾರುಣ್ಯವು ಮನೆಗೆ ಬರಬಲ್ಲುದು.

ಶರಣಬಂಧುಗಳೇ, ಈ ಮಠದ ದಾಸೋಹದ ಪಂಕ್ತಿಯಲ್ಲಿ ಇಂದು ಗುಣವಾದ ಕೂಸೂ ಗುಣವಾಗದ ಕೂಸೂ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳಲಿ. ಇಬ್ಬರಿಗೂ ಒಂದೇ ಕೈಯಿಂದ ಪ್ರಸಾದವು ಬೀಳಲಿ. ಕಂಬದ ಮರೆಯಲ್ಲಿ ನಿಂತ ತಾಯಿಯನ್ನು ಯಾರಾದರೊಬ್ಬರು ಕೈಹಿಡಿದು ಮುಂದಕ್ಕೆ ಕರೆತನ್ನಿರಿ.